ಅಂಗೈಯೊಳಗಣ ಸಂತೆ: ವಿದ್ಯಾರ್ಥಿಯ ಜಾಲತಾಣಗಳ ಜಮಾ-ಖರ್ಚು

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮುಂಬಯಿ ಸೇರಿದ ಕನ್ನಡಿಗರ ಹಿಂದಿನ ತಲೆಮಾರಿಗೆ ಊರಿನ ಸಂಪರ್ಕವೆಂದರೆ ಅಂಚೆ ಕಾರ್ಡು. ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗಿ ಅಕ್ಷರ ಕಲಿತ ಹುಡುಗರು ಆ ಅಂಗೈಯಗಲದ ಕಾರ್ಡಿನಲ್ಲಿಯೇ ಕ್ಷೇಮಸಮಾಚಾರ, ಮಳೆ-ಬೆಳೆಯ ವಿಚಾರಣೆ, ಮನಿಯಾರ್ಡರಿನ ಮೊತ್ತ ಎಲ್ಲವನ್ನೂ ಅಡಕಗೊಳಿಸುತ್ತಿದ್ದರು. ಉತ್ತರಕ್ಕಾಗಿ ವಾರಗಟ್ಟಲೆ ಕಾಯಬೇಕಾಗುತ್ತಿತ್ತು. ಉಳಿದ ಸುದ್ದಿ ಭಾನುವಾರ ಸಂಘದ ಸಭಾಂಗಣದಲ್ಲಿ ನಾಲ್ಕು ಜನ ಕೂಡಿದಾಗ ದೊರೆಯುತ್ತಿತ್ತು.

ಇಂದು ಅವರ ಮೊಮ್ಮಕ್ಕಳ ಅಂಗೈಯಲ್ಲಿ ಹೆಚ್ಚುಕಡಿಮೆ ಅಷ್ಟೇ ಗಾತ್ರದ ಒಂದು ಯಂತ್ರವಿದೆ. ಅಂಚೆಯೂ ಅದೇ, ಸಭಾಂಗಣವೂ ಅದೇ; ಪಾಠಶಾಲೆ, ಚಿತ್ರಮಂದಿರ, ಉದ್ಯೋಗ ವಿನಿಮಯ ಕೇಂದ್ರ ಎಲ್ಲವೂ ಅದೇ. ಆದರೆ ಮನೆಯ ಹಿರಿಯರಿಗೆ ಹೊರಗಿನಿಂದ ಕಾಣುವುದು ಒಂದೇ ದೃಶ್ಯ: ಮಗಳು ತಲೆ ತಗ್ಗಿಸಿ ಮೊಬೈಲು ನೋಡುತ್ತಿದ್ದಾಳೆ. ಆದ್ದರಿಂದ ಅವರ ಬಾಯಿಂದ ಬರುವ ಮಾತೂ ಒಂದೇ: "ಆ ಮೊಬೈಲು ಕೆಳಗಿಡು." ಸಂತೆಯಲ್ಲಿ ಪುಸ್ತಕದ ಅಂಗಡಿಯ ಮುಂದೆ ನಿಂತವಳನ್ನೂ ಇಸ್ಪೀಟಿನ ಪಟದ ಮುಂದೆ ನಿಂತವಳನ್ನೂ ಒಂದೇ ಮಾತಿನಿಂದ ಗದರಿಸಿದಂತೆ ಇದು. ಕಾಲೇಜು ವಿದ್ಯಾರ್ಥಿಗಳು ಬಳಸುವ ಸಾಮಾಜಿಕ ಜಾಲತಾಣಗಳು ಯಾವುವು, ಒಂದೊಂದರಿಂದ ದೊರೆಯುವುದೇನು, ಅದಕ್ಕೆ ತೆರಬೇಕಾದ ಬೆಲೆಯೇನು, ದೇಹ ಮನಸ್ಸುಗಳ ಆರೋಗ್ಯಕ್ಕೂ ಮನೆತನದ ಹೆಸರಿಗೂ ಅವುಗಳಿಂದ ಆಗಬಹುದಾದುದೇನು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಒಂದು ದಿನದ ಲೆಕ್ಕ

ಡೊಂಬಿವಲಿಯಲ್ಲಿ ನೆಲಸಿ, ಮಾಟುಂಗದ ಕಾಲೇಜೊಂದರಲ್ಲಿ ವಾಣಿಜ್ಯ ಪದವಿಯ ಎರಡನೆಯ ವರ್ಷದಲ್ಲಿ ಓದುತ್ತಿರುವ ಕನ್ನಡ ವಿದ್ಯಾರ್ಥಿನಿಯೊಬ್ಬಳನ್ನು ಮಾದರಿಯಾಗಿ ಕಲ್ಪಿಸಿಕೊಳ್ಳಬಹುದು. ತಂದೆ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ದಿನದ ವ್ಯವಹಾರ ನೋಡುವವರು. ಅಮ್ಮಮ್ಮ ಇರುವುದು ಕುಂದಾಪುರದ ಕಡೆಯ ಹಳ್ಳಿಯಲ್ಲಿ. ಹುಡುಗಿ ಮನೆಯಲ್ಲಿ ಕನ್ನಡ ಮಾತನಾಡುತ್ತಾಳೆ; ಓದುಬರೆಹವೆಲ್ಲ ಇಂಗ್ಲಿಷ್, ಹಿಂದಿ, ಮರಾಠಿ.

ಯಾವ ಜಾಲತಾಣದಲ್ಲಿ ಎಷ್ಟು ಹೊತ್ತು ಕಳೆಯಿತೆಂಬ ಲೆಕ್ಕವನ್ನು ಈಗಿನ ಫೋನುಗಳು ತಾವಾಗಿಯೇ ಬರೆದಿಡುತ್ತವೆ; ಸೆಟಿಂಗ್ಸ್ ವಿಭಾಗದಲ್ಲಿ ಅದನ್ನು ಕಾಣಬಹುದು. ಈ ವಿದ್ಯಾರ್ಥಿನಿಯ ಒಂದು ದಿನದ ಲೆಕ್ಕ ಹೀಗಿದೆಯೆಂದು ಭಾವಿಸಬಹುದು: ವಾಟ್ಸಾಪ್ 40 ನಿಮಿಷ, ಯೂಟ್ಯೂಬಿನಲ್ಲಿ ಪಾಠ 35 ನಿಮಿಷ, ಅಲ್ಲಿಯೇ ಹಾಡು ಹರಟೆ 25 ನಿಮಿಷ, ಇನ್‌ಸ್ಟಾಗ್ರಾಂ 80 ನಿಮಿಷ, ಸ್ನಾಪ್‌ಚಾಟ್ 15 ನಿಮಿಷ, ಟೆಲಿಗ್ರಾಂ 10 ನಿಮಿಷ, ಲಿಂಕ್ಡ್‌ಇನ್ 5 ನಿಮಿಷ. ಒಟ್ಟು 210 ನಿಮಿಷ, ಅಂದರೆ ಮೂರೂವರೆ ಗಂಟೆ. ಮೊತ್ತವನ್ನಷ್ಟೇ ನೋಡಿದರೆ ಯಾವ ತಂದೆತಾಯಿಗಾದರೂ ಗಾಬರಿಯಾಗುವುದು ಸಹಜ. ಆದರೆ ಮೊತ್ತವೊಂದರಿಂದ ವ್ಯವಹಾರದ ಲಾಭನಷ್ಟ ತಿಳಿಯದು. ಅದಕ್ಕೆ ಒಂದೊಂದು ಬಾಬತ್ತನ್ನೂ ಬಿಡಿಸಿ ನೋಡಬೇಕು.

ಅಂಗಡಿಗಳ ಪರಿಚಯ

ಮೊದಲನೆಯದು ವಾಟ್ಸಾಪ್. 2009ರಲ್ಲಿ ಜಾನ್ ಕೂಮ್ ಮತ್ತು ಬ್ರಯಾನ್ ಆಕ್ಟನ್ ಎಂಬಿಬ್ಬರು ಇದನ್ನು ಆರಂಭಿಸಿದರು. ಇದು ಅಂಚೆ ಕಾರ್ಡಿನ ನೇರ ವಾರಸುದಾರ. ಕಾಲೇಜಿನ ತರಗತಿಯ ಗುಂಪಿನಲ್ಲಿ ವೇಳಾಪಟ್ಟಿ, ಪರೀಕ್ಷೆಯ ಸೂಚನೆ ಬರುತ್ತವೆ. ಕುಟುಂಬದ ಗುಂಪಿನಲ್ಲಿ ಊರಿನ ಹಬ್ಬ, ಮದುವೆ, ಅಗಲಿಕೆಯ ಸುದ್ದಿ. ಕನ್ನಡ ಲಿಪಿ ಬಾರದ ಹುಡುಗಿ ಅಮ್ಮಮ್ಮನಿಗೆ ಪತ್ರ ಬರೆಯಲಾರಳು. ಆದರೆ ಧ್ವನಿ ಸಂದೇಶದ ಮೂಲಕ ಎರಡು ನಿಮಿಷ ಮಾತನಾಡಿ ಕಳುಹಿಸಬಲ್ಲಳು, ಅವರ ಕುಂದಾಪುರದ ಕನ್ನಡದ ಉತ್ತರವನ್ನು ಲೋಕಲ್ ಗಾಡಿಯ ನೂಕುನುಗ್ಗಲಿನ ನಡುವೆಯೂ ಕೇಳಬಲ್ಲಳು. ಮುಂಬಯಿಯಲ್ಲಿ ಹುಟ್ಟಿದವಳ ನಾಲಿಗೆಯಲ್ಲಿ ಊರಿನ ಮಾತು ಉಳಿಯಲು ಇದು ಸಣ್ಣ ನೆರವೇನಲ್ಲ.

ಎರಡನೆಯದು ಯೂಟ್ಯೂಬ್. 2005ರಲ್ಲಿ ಆರಂಭವಾದ ಇದನ್ನು ಮರುವರ್ಷವೇ ಗೂಗಲ್ ಸಂಸ್ಥೆ ಕೊಂಡುಕೊಂಡಿತು. ಕಾಸ್ಟ್ ಅಕೌಂಟಿಂಗ್‌ನ ಒಂದು ಲೆಕ್ಕ ತರಗತಿಯಲ್ಲಿ ಅರ್ಥವಾಗದಿದ್ದರೆ, ಅದನ್ನೇ ಮತ್ತೊಬ್ಬ ಅಧ್ಯಾಪಕರು ಬಿಡಿಸುವ ಕ್ರಮವನ್ನು ಇಲ್ಲಿ ಮತ್ತೆ ಮತ್ತೆ ನೋಡಬಹುದು. ಟ್ಯೂಷನ್ನಿಗೆ ಹಣ ಹೊಂದಿಸಲಾಗದ ಮನೆಯ ಮಕ್ಕಳಿಗೆ ಇದೊಂದು ವರ. ಆದರೆ ಪಾಠ ಮುಗಿದೊಡನೆ ಹಾಡು, ಹಾಡಿನ ಬೆನ್ನಿಗೆ ಹಾಸ್ಯ, ಹಾಸ್ಯದ ಬೆನ್ನಿಗೆ ಮತ್ತೊಂದು ಎಂದು ತಾನಾಗಿಯೇ ಬಡಿಸುತ್ತ ಹೋಗುವುದೂ ಇದರದೇ ಗುಣ.

ಮೂರನೆಯದು ಇನ್‌ಸ್ಟಾಗ್ರಾಂ. 2010ರಲ್ಲಿ ಛಾಯಾಚಿತ್ರಗಳಿಗಾಗಿ ಹುಟ್ಟಿದ ಇದನ್ನು 2012ರಲ್ಲಿ ಫೇಸ್‌ಬುಕ್ ಸಂಸ್ಥೆ ನೂರು ಕೋಟಿ ಡಾಲರಿಗೆ ಕೊಂಡಿತು. ಭಾರತ ಸರಕಾರ 2020ರ ಜೂನ್ 29ರಂದು ಟಿಕ್‌ಟಾಕ್ ಅನ್ನು ನಿಷೇಧಿಸಿದ ಬಳಿಕ, ಜುಲೈ ತಿಂಗಳಲ್ಲಿ ರೀಲ್ಸ್ ಎಂಬ ಕಿರುಚಿತ್ರಗಳ ವ್ಯವಸ್ಥೆ ಇದರಲ್ಲಿ ಸೇರಿಕೊಂಡಿತು. ವಿದ್ಯಾರ್ಥಿಗಳ ಹೊತ್ತು ಹೆಚ್ಚು ವೆಚ್ಚವಾಗುವುದು ಇಲ್ಲಿಯೇ. ಕಾಲೇಜಿನ ಉತ್ಸವದ ಚಿತ್ರ, ಗೆಳತಿಯ ಭರತನಾಟ್ಯದ ತುಣುಕು ಎಲ್ಲವೂ ಇಲ್ಲಿ ಕಾಣಸಿಗುತ್ತವೆ; ಜೊತೆಗೆ ಪರಿಚಯವೇ ಇಲ್ಲದವರ ವಿದೇಶ ಪ್ರವಾಸ, ಹೊಸ ಉಡುಪು, ತಿದ್ದಿ ತೀಡಿದ ಮುಖಗಳೂ ಸಾಲುಗಟ್ಟುತ್ತವೆ. ಎಂಟುನೂರು ಜನ ಹಿಂಬಾಲಕರಿದ್ದಾರೆಂದು ವಿದ್ಯಾರ್ಥಿನಿ ಹೇಳಬಹುದು. ಆದರೆ ಮನುಷ್ಯನು ನಿಜವಾಗಿ ಕಾಪಾಡಿಕೊಂಡು ಬರಬಲ್ಲ ಸಂಬಂಧಗಳು ಸುಮಾರು 150 ಎಂದು ಬ್ರಿಟಿಷ್ ವಿದ್ವಾಂಸ ರಾಬಿನ್ ಡನ್‌ಬಾರ್ 1990ರ ದಶಕದಲ್ಲಿ ಅಂದಾಜಿಸಿದ್ದುಂಟು. ಉಳಿದವರು ಸ್ನೇಹಿತರಲ್ಲ, ಪ್ರೇಕ್ಷಕರು.

ಸ್ನಾಪ್‌ಚಾಟ್ ಎಂಬುದು ಆಪ್ತ ಗೆಳತಿಯರ ಪಿಸುಮಾತಿನ ಜಾಗ. ಕಳುಹಿಸಿದ ಚಿತ್ರ ನೋಡಿದ ಮೇಲೆ ಅಳಿಸಿಹೋಗುತ್ತದೆ. ಹಾಗೆಂದು ನೋಡಿದವರು ಅದರ ಪ್ರತಿಯನ್ನು ಹಿಡಿದಿಟ್ಟುಕೊಳ್ಳಲಾರರೆಂದು ನಂಬುವುದು ತಪ್ಪು. ಇಬ್ಬರು ಎಡೆಬಿಡದೆ ಎಷ್ಟು ದಿನ ಚಿತ್ರ ವಿನಿಮಯ ಮಾಡಿಕೊಂಡರೆಂಬ ಎಣಿಕೆಯನ್ನೂ ಅದು ತೋರಿಸುತ್ತದೆ. ಆ ಎಣಿಕೆ ತುಂಡಾಗಬಾರದೆಂಬ ಭಯಕ್ಕೆ ಪರೀಕ್ಷೆಯ ಹಿಂದಿನ ರಾತ್ರಿಯೂ ಫೋನು ತೆರೆಯುವವರುಂಟು. 2013ರಲ್ಲಿ ಆರಂಭವಾದ ಟೆಲಿಗ್ರಾಂನಲ್ಲಿ ಹಳೆಯ ಪ್ರಶ್ನೆಪತ್ರಿಕೆ, ಟಿಪ್ಪಣಿಗಳು ದೊರೆಯುತ್ತವೆ. ಅಪರಿಚಿತರ ದೊಡ್ಡ ದೊಡ್ಡ ಗುಂಪುಗಳೂ ಇವೆ. 2003ರಿಂದ ಬಳಕೆಯಲ್ಲಿರುವ ಲಿಂಕ್ಡ್‌ಇನ್ ಉದ್ಯೋಗಾರ್ಥಿಗಳ ಹಾಗೂ ಉದ್ಯೋಗದಾತರ ಸಂಧಿಸ್ಥಾನ. ನಾಲ್ಕು ವರ್ಷಗಳ ಬಳಿಕ ಕೆಲಸ ಹುಡುಕುವವಳಿಗೆ ಇಲ್ಲಿ ಕಳೆದ ಐದು ನಿಮಿಷ ಇತರೆಡೆ ಕಳೆದ ಐವತ್ತು ನಿಮಿಷಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರಬಹುದು.

ಇನ್ನು 2004ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿನಿಲಯದಲ್ಲಿ, ವಿದ್ಯಾರ್ಥಿಗಳಿಗಾಗಿಯೇ ಹುಟ್ಟಿದ ಫೇಸ್‌ಬುಕ್ ಈಗ ಅನೇಕ ಕಾಲೇಜು ಮಕ್ಕಳ ಪಾಲಿಗೆ ತಂದೆತಾಯಿಗಳ ಜಗಲಿ. ಅದೇ ವರ್ಷ ಆರಂಭವಾಗಿ ನಮ್ಮ ದೇಶದ ತರುಣರನ್ನು ಮರುಳುಗೊಳಿಸಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಬಾಗಿಲು ಮುಚ್ಚಿತು. ಅಂಗಡಿಗಳ ಹೆಸರು ಬದಲಾಗುತ್ತವೆ. ಸಂತೆ ಮಾತ್ರ ನಿಲ್ಲುವುದಿಲ್ಲ.

ಪುಕ್ಕಟೆ ಸರಕಿನ ಬೆಲೆ

ಇವುಗಳಲ್ಲಿ ಹೆಚ್ಚಿನವು ಬಳಸುವವರಿಂದ ಒಂದು ರೂಪಾಯಿಯನ್ನೂ ಕೇಳುವುದಿಲ್ಲ. ಹಾಗಾದರೆ ಆದಾಯ ಬರುವುದೆಲ್ಲಿಂದ? ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರಕ್ಕೂ ಒಡೆಯನಾದ ಮೆಟಾ ಸಂಸ್ಥೆಯ 2024ರ ಆದಾಯ ಸುಮಾರು 16,450 ಕೋಟಿ ಡಾಲರ್. ಅದರಲ್ಲಿ ನೂರಕ್ಕೆ 97ಕ್ಕಿಂತ ಹೆಚ್ಚು ಪಾಲು ಜಾಹೀರಾತುಗಳಿಂದ ಬಂದುದು. ಅಂದರೆ ಇಲ್ಲಿ ಗಿರಾಕಿ ಜಾಹೀರಾತುದಾರ. ಮಾರಾಟವಾಗುವ ಸರಕು ನೋಡುವವರ ಗಮನ. ಮಾಹಿತಿ ಹೆಚ್ಚಿದಷ್ಟೂ ಮನುಷ್ಯನ ಗಮನವೇ ದುರ್ಲಭ ವಸ್ತುವಾಗುವುದೆಂದು ಅರ್ಥಶಾಸ್ತ್ರಜ್ಞ ಹರ್ಬರ್ಟ್ ಸೈಮನ್ 1971ರಲ್ಲಿಯೇ ಸೂಚಿಸಿದ್ದರು. ದುರ್ಲಭವಾದುದಕ್ಕೆ ಬೆಲೆಯುಂಟು.

ಆದ್ದರಿಂದ ಗಮನವನ್ನು ಹಿಡಿದಿಡಲು ಬೇಕಾದ ಏರ್ಪಾಡುಗಳೆಲ್ಲ ಇಲ್ಲಿವೆ. ಪುಸ್ತಕದ ಅಧ್ಯಾಯ ಮುಗಿಯುತ್ತದೆ, ವೃತ್ತಪತ್ರಿಕೆಗೆ ಕೊನೆಯ ಪುಟವಿದೆ. ಆದರೆ ಬೆರಳಿನಿಂದ ಮೇಲಕ್ಕೆ ತಳ್ಳಿದಷ್ಟೂ ಹೊಸ ಚಿತ್ರ ಬರುವ ಪರದೆಗೆ ಕೊನೆಯೆಂಬುದಿಲ್ಲ. ಮೆಚ್ಚುಗೆಯ ಗುರುತು ಯಾವಾಗ ಬರುವುದು, ಎಷ್ಟು ಬರುವುದು ಎಂಬುದೂ ಅನಿಶ್ಚಿತ. ಕಾಳು ಯಾವಾಗ ದೊರೆಯುವುದೆಂಬ ನಿಯಮವಿಲ್ಲದಿದ್ದಾಗ ಪಾರಿವಾಳಗಳು ಬಿಡದೆ ಕುಕ್ಕುತ್ತಲೇ ಇರುತ್ತವೆಂಬುದನ್ನು ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಪ್ರಯೋಗಗಳಿಂದ ತೋರಿಸಿದ್ದರು. ಹತ್ತು ನಿಮಿಷಕ್ಕೊಮ್ಮೆ ಫೋನು ತೆರೆದು ನೋಡುವ ವಿದ್ಯಾರ್ಥಿಯ ವರ್ತನೆಗೆ ಅವನ ಸೋಮಾರಿತನವೊಂದೇ ಕಾರಣವಲ್ಲ. ಆ ವರ್ತನೆಯನ್ನೇ ಗುರಿಯಾಗಿಟ್ಟುಕೊಂಡು ಕಟ್ಟಿದ ಯಂತ್ರದ ಮುಂದೆ ಅವನು ಕುಳಿತಿದ್ದಾನೆ.

ಮೇಲೆ ಹೇಳಿದ 210 ನಿಮಿಷಗಳಿಗೆ ಈಗ ಮರಳಬಹುದು. ವಾಟ್ಸಾಪ್, ಯೂಟ್ಯೂಬಿನ ಪಾಠ, ಟೆಲಿಗ್ರಾಂನ ಟಿಪ್ಪಣಿ, ಲಿಂಕ್ಡ್‌ಇನ್ ಸೇರಿ 90 ನಿಮಿಷ. ಇವುಗಳನ್ನು ಆಕೆ ತಾನೇ ಬಯಸಿ ವೆಚ್ಚ ಮಾಡಿದಳು. ಉಳಿದ 120 ನಿಮಿಷಗಳಲ್ಲಿಯೂ ಗೆಳತಿಯ ಮಾತು, ಮನಸ್ಸಿಗೆ ಮುದ ಕೊಟ್ಟ ಹಾಡು ಇಲ್ಲದಿಲ್ಲ. ಆದರೆ ಅದರ ಬಹುಪಾಲು ಆಕೆ ನಿಶ್ಚಯಿಸದೆಯೇ ಜಾರಿದ ಹೊತ್ತು. ದಿನಕ್ಕೆ ಎರಡು ಗಂಟೆಯಂತೆ ವರ್ಷಕ್ಕೆ 730 ಗಂಟೆ. ಮೂರು ವರ್ಷಗಳ ವ್ಯಾಸಂಗದಲ್ಲಿ 2,190 ಗಂಟೆ. ಎಚ್ಚರದ ದಿನವನ್ನು 16 ಗಂಟೆಯೆಂದು ಎಣಿಸಿದರೆ ಇದು ಸುಮಾರು 137 ದಿನ, ಅಂದರೆ ನಾಲ್ಕೂವರೆ ತಿಂಗಳು. ದಿನದ ಲೆಕ್ಕದಲ್ಲಿ ಕಾಣದ ಸೋರಿಕೆ ವರ್ಷಾಂತ್ಯದ ತಃಖ್ತೆಯಲ್ಲಿ ಹೀಗೆ ಕಾಣಿಸಿಕೊಳ್ಳುತ್ತದೆ.

ನಿದ್ರೆ ಮತ್ತು ಮನಸ್ಸು

ಹೊತ್ತಿನ ನಷ್ಟಕ್ಕಿಂತ ಮಿಗಿಲಾದುದು ನಿದ್ರೆಯ ನಷ್ಟ. 18ರಿಂದ 25 ವರ್ಷದವರಿಗೆ ದಿನಕ್ಕೆ 7ರಿಂದ 9 ಗಂಟೆ ನಿದ್ರೆ ಬೇಕೆಂಬುದು ತಜ್ಞರ ಸಲಹೆ. ಬೆಳಿಗ್ಗೆಯ ತರಗತಿಗಾಗಿ ಐದೂವರೆಗೆ ಏಳಬೇಕಾದ ವಿದ್ಯಾರ್ಥಿನಿ ರಾತ್ರಿ ಹತ್ತಕ್ಕೆ ಮಲಗಿದರೆ ಏಳೂವರೆ ಗಂಟೆ ದೊರೆಯುತ್ತದೆ. ಹಾಸಿಗೆಯಲ್ಲಿ "ಇನ್ನೊಂದೇ ಒಂದು" ಎಂದು ಹನ್ನೆರಡೂಕಾಲರವರೆಗೆ ಪರದೆ ನೋಡಿದರೆ ಉಳಿಯುವುದು ಐದೂಕಾಲು ಗಂಟೆ. ವಾರದ ಐದು ದಿನಗಳಲ್ಲಿ ಹನ್ನೊಂದು ಗಂಟೆಗೂ ಹೆಚ್ಚಿನ ನಿದ್ರೆ ಸಾಲವಾಗಿ ಉಳಿಯುತ್ತದೆ. ಪರದೆಯ ಪ್ರಕಾಶ, ಅದರಲ್ಲಿಯೂ ನೀಲಿ ಬೆಳಕು, ನಿದ್ರೆಯನ್ನು ಕರೆತರುವ ಮೆಲಟೋನಿನ್ ಎಂಬ ರಸದ ಉತ್ಪತ್ತಿಯನ್ನು ತಡೆಯುತ್ತದೆ. ಕಂಡ ಚಿತ್ರಗಳಿಂದ ಕೆರಳಿದ ಮನಸ್ಸು ಬೇಗನೆ ಶಾಂತವಾಗದು. ಮರುದಿನ ಏಕಾಗ್ರತೆಯ ಅಭಾವ, ಸಿಡುಕು, ತಲೆನೋವು, ಕಣ್ಣುರಿ, ಕುತ್ತಿಗೆ ನೋವು ಕಾಣಿಸಿಕೊಳ್ಳುವುದುಂಟು.

ಮನಸ್ಸಿನ ವಿಷಯದಲ್ಲಿ ಮಾತು ತೂಗಿ ಆಡಬೇಕಾಗಿದೆ. ಅಮೆರಿಕದ ಸರ್ಜನ್ ಜನರಲ್ 2023ರ ಮೇ ತಿಂಗಳಲ್ಲಿ ಹೊರಡಿಸಿದ ಎಚ್ಚರಿಕೆಯಲ್ಲಿ, ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಹೊತ್ತು ಜಾಲತಾಣಗಳಲ್ಲಿ ಕಳೆಯುವ ಎಳೆಯರಲ್ಲಿ ಖಿನ್ನತೆ, ಆತಂಕದ ಲಕ್ಷಣಗಳ ಸಂಭವ ಇಮ್ಮಡಿಯೆಂದು ಹೇಳಲಾಗಿದೆ. ಆದರೆ ಜಾಲತಾಣದಿಂದಲೇ ಖಿನ್ನತೆ ಬಂದಿತೋ, ಖಿನ್ನರಾದವರೇ ಜಾಲತಾಣದ ಮೊರೆಹೊಕ್ಕರೋ ಎಂಬುದು ಎಲ್ಲ ಸಂದರ್ಭಗಳಲ್ಲಿಯೂ ಇತ್ಯರ್ಥವಾಗಿಲ್ಲ. ನಡುರಾತ್ರಿ ಫೋನು ಹಿಡಿದು ಕುಳಿತ ಮಗನನ್ನು ಕಂಡಾಗ "ಇದರಿಂದಲೇ ಕೆಟ್ಟೆ" ಎನ್ನುವ ಮೊದಲು, ನಿದ್ರೆಗೆಡಿಸಿದ ಚಿಂತೆ ಬೇರಾವುದಾದರೂ ಇದೆಯೇ ಎಂದು ವಿಚಾರಿಸುವುದು ವಿವೇಕ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2014ರಲ್ಲಿಯೇ ತಂತ್ರಜ್ಞಾನದ ಅತಿಬಳಕೆಯಿಂದ ಬಳಲುವವರಿಗಾಗಿ 'ಷಟ್' ಎಂಬ ವಿಶೇಷ ಚಿಕಿತ್ಸಾಲಯವನ್ನು ಆರಂಭಿಸಿತು. ಫೋನು ಬಿಡಿಸಿದರೆ ತಡೆಯಲಾಗದ ಕೋಪ, ಊಟ-ಸ್ನಾನಗಳ ಮರೆವು, ತರಗತಿ ತಪ್ಪಿಸುವುದು, ಮನೆಮಂದಿಯೊಡನೆ ಮಾತು ನಿಲ್ಲಿಸುವುದು ಇವು ವಾರಗಟ್ಟಲೆ ಮುಂದುವರಿದರೆ ಅದನ್ನು ಹಟವೆಂದು ತಳ್ಳಿಹಾಕದೆ ವೈದ್ಯರ ಸಲಹೆ ಪಡೆಯಬೇಕು. 2022ರಿಂದ ಕೇಂದ್ರ ಸರಕಾರವು ನಡೆಸುತ್ತಿರುವ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಊರಿನಿಂದಲಾದರೂ ಶುಲ್ಕವಿಲ್ಲದೆ ಕರೆಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು.

ಹೆಸರು ಮತ್ತು ಸಹಿ

ಹೊತ್ತು, ನಿದ್ರೆಗಳ ಬಳಿಕ ವಿದ್ಯಾರ್ಥಿ ಪಣಕ್ಕಿಡುವ ಮೂರನೆಯ ಆಸ್ತಿ ಹೆಸರು. 2012ರ ನವೆಂಬರಿನಲ್ಲಿ ಬಾಳಾ ಠಾಕ್ರೆಯವರ ನಿಧನಾನಂತರ ಮುಂಬಯಿಯಲ್ಲಿ ವ್ಯವಹಾರ ಸ್ತಬ್ಧವಾದುದರ ಬಗ್ಗೆ ಪಾಲ್ಘರಿನ ತರುಣಿಯೊಬ್ಬಳು ಫೇಸ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆದಳು. ಅವಳ ಗೆಳತಿ ಅದಕ್ಕೆ ಮೆಚ್ಚುಗೆಯ ಗುರುತು ಒತ್ತಿದಳು. ಇಬ್ಬರೂ ಬಂಧಿತರಾದರು. ದೇಶದಾದ್ಯಂತ ಚರ್ಚೆಯೆದ್ದಿತು, ಆ ಮೊಕದ್ದಮೆಯನ್ನು ಮುಂದೆ ಕೈಬಿಡಲಾಯಿತು. ಈ ಘಟನೆಯಿಂದ ಕದಡಿದ ಶ್ರೇಯಾ ಸಿಂಘಾಲ್ ಎಂಬ ಕಾನೂನು ವಿದ್ಯಾರ್ಥಿನಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ವಿಧಿ ಸಂವಿಧಾನಬಾಹಿರವೆಂದು 2015ರ ಮಾರ್ಚ್ 24ರಂದು ನ್ಯಾಯಾಲಯ ಸಾರಿತು. ವಿದ್ಯಾರ್ಥಿಯ ಹಕ್ಕಿಗೆ ದೊರೆತ ದೊಡ್ಡ ಮನ್ನಣೆ ಇದು. ಆದರೂ ಬರೆದ ಮಾತು ಬರೆದವನ ಸಹಿಯಾಗಿ ಉಳಿಯುತ್ತದೆ. ಕೆಲಸ ಕೊಡುವವರೂ ಮುಂದೊಂದು ದಿನ ಅದನ್ನು ನೋಡಬಹುದು.

ಇದಕ್ಕಿಂತ ಗುಪ್ತವಾದ ಅಪಾಯವೊಂದು ಈಚಿನ ವರ್ಷಗಳಲ್ಲಿ ಕಾಲೇಜು ಮಕ್ಕಳನ್ನೇ ಹುಡುಕಿಕೊಂಡು ಬರುತ್ತಿದೆ. ಟೆಲಿಗ್ರಾಂ ಅಥವಾ ವಾಟ್ಸಾಪ್‌ನಲ್ಲಿ ಸಂದೇಶ ಬರುತ್ತದೆ: ಮನೆಯಲ್ಲಿಯೇ ಕುಳಿತು ಸಂಪಾದಿಸಿ, ವೀಡಿಯೋಗಳಿಗೆ ಮೆಚ್ಚುಗೆ ಒತ್ತಿದರೆ ಸಾಕು. ಮೊದಲು ನೂರಿನ್ನೂರು ರೂಪಾಯಿ ಖಾತೆಗೆ ಬಂದೇ ಬರುತ್ತದೆ. ನಂಬಿಕೆ ಕುದುರಿದ ಮೇಲೆ "ಮುಂಗಡ ಕಟ್ಟಿ" ಎನ್ನುತ್ತಾರೆ. ಕಟ್ಟಿದ ಹಣ ಮರಳುವುದಿಲ್ಲ. ಮತ್ತೊಂದು ಬಗೆಯ ಸಂದೇಶ ಇನ್ನೂ ಅಪಾಯಕರ: ನಿಮ್ಮ ಬ್ಯಾಂಕ್ ಖಾತೆಗೆ ಹಣ ಬರುತ್ತದೆ, ಅದನ್ನು ನಾವು ಹೇಳಿದ ಖಾತೆಗೆ ದಾಟಿಸಿ, ನೂರಕ್ಕೆ ಇಷ್ಟು ಕಮಿಷನ್ ಇಟ್ಟುಕೊಳ್ಳಿ.

ಹೀಗೆ ಬಳಕೆಯಾಗುವ ಖಾತೆಗೆ ಬ್ಯಾಂಕಿನವರು 'ಮ್ಯೂಲ್ ಖಾತೆ' ಎನ್ನುತ್ತಾರೆ. ಮ್ಯೂಲ್ ಎಂದರೆ ಹೇಸರಗತ್ತೆ. ಹೊರೆ ಯಾರದೆಂದು ಅರಿಯದೆ ಹೊರುವ ಪ್ರಾಣಿ. ಎಲ್ಲಿಯೋ ಒಬ್ಬ ನಿವೃತ್ತರಿಂದ ವಂಚಿಸಿದ ಹಣ ಒಂದು ಖಾತೆಯಿಂದ ಮತ್ತೊಂದಕ್ಕೆ ಕೆಲವೇ ನಿಮಿಷಗಳಲ್ಲಿ ಹಾಯುತ್ತದೆ. ದೂರು ದಾಖಲಾದೊಡನೆ ಪೋಲೀಸರು ಹಿಡಿಯುವ ಜಾಡು ಮೊದಲು ತಲಪುವುದು ಈ ವಿದ್ಯಾರ್ಥಿಯ ಖಾತೆಗೆ. ವಂಚಕನ ಹೆಸರು ಎಲ್ಲಿಯೂ ಇರುವುದಿಲ್ಲ. ಖಾತೆ ಸ್ಥಗಿತವಾಗುತ್ತದೆ, ಅದರಲ್ಲಿದ್ದ ಕಾಲೇಜು ಶುಲ್ಕದ ಹಣವೂ ಸಿಕ್ಕಿಕೊಳ್ಳುತ್ತದೆ, ವಿದ್ಯಾರ್ಥಿ ವಿಚಾರಣೆಗೆ ಹಾಜರಾಗಬೇಕಾಗುತ್ತದೆ. ಇಂತಹ ಖಾತೆಗಳನ್ನು ಗುರುತಿಸಲು ರಿಸರ್ವ್ ಬ್ಯಾಂಕು 2024ರ ಡಿಸೆಂಬರಿನಲ್ಲಿ 'ಮ್ಯೂಲ್‌ಹಂಟರ್' ಎಂಬ ಗಣಕ ವ್ಯವಸ್ಥೆಯನ್ನು ಪ್ರಕಟಿಸಿತೆಂದರೆ ಸಮಸ್ಯೆಯ ಗಾತ್ರವನ್ನು ಊಹಿಸಬಹುದು. ಪಾಸ್‌ಬುಕ್, ಎಟಿಎಂ ಕಾರ್ಡು, ಸಿಮ್ ಕಾರ್ಡು, ಒಟಿಪಿ ಇವು ನಾಲ್ಕೂ ಸಹಿಗೆ ಸಮಾನ. ಸಹಿಯನ್ನು ಯಾರೂ ಬಾಡಿಗೆಗೆ ಕೊಡುವುದಿಲ್ಲ.

ಕೇಳಬಲ್ಲ ಮನೆ

ಈ ಮಾದರಿಯ ವಿದ್ಯಾರ್ಥಿನಿಗೂ ಅಂತಹ ಸಂದೇಶ ಬರುತ್ತದೆ. ಆಗ ಆಕೆ ಏನು ಮಾಡುವಳು ಎಂಬುದು ಆಕೆಯ ಜಾಣತನಕ್ಕಿಂತ ಹೆಚ್ಚಾಗಿ ಮನೆಯ ವಾತಾವರಣವನ್ನು ಅವಲಂಬಿಸಿದೆ. ಫೋನು ಕೈಗೆತ್ತಿಕೊಂಡಾಗಲೆಲ್ಲ ಬೈಗುಳ ಕೇಳುವ ಮನೆಯಲ್ಲಿ ಮಗಳು ಮೊದಲು ಕಲಿಯುವುದು ಫೋನನ್ನು ಮರೆಮಾಡುವುದನ್ನು. ರೀಲ್ಸ್ ಮರೆಮಾಡಿದವಳು ಆ ಸಂದೇಶವನ್ನೂ ಮರೆಮಾಡುತ್ತಾಳೆ. ಹಣ ಹೋದ ಮೇಲೆ ಅದನ್ನೂ, ಯಾರಾದರೂ ಖಾಸಗಿ ಚಿತ್ರವಿಟ್ಟುಕೊಂಡು ಬೆದರಿಸಿದರೆ ಆ ಬೆದರಿಕೆಯನ್ನೂ ಒಬ್ಬಳೇ ನುಂಗುತ್ತಾಳೆ. ವಂಚಕರ ಬಂಡವಾಳವೇ ಈ ಮೌನ. ಅದಕ್ಕೆ ಬದಲು, ರಾತ್ರಿ ಹೋಟೆಲು ಮುಚ್ಚಿ ಬಂದ ತಂದೆಯ ಮುಂದೆ ಫೋನು ಹಿಡಿದು "ಅಪ್ಪಯ್ಯ, ಇದೊಂದು ಕಾಣಿ" ಎನ್ನಬಲ್ಲ ಮಗಳು ಉಳಿದುಕೊಳ್ಳುತ್ತಾಳೆ. ಗಲ್ಲಾಪೆಟ್ಟಿಗೆಯ ಮುಂದೆ ಇಪ್ಪತ್ತು ವರ್ಷ ಕುಳಿತ ತಂದೆಗೆ ಟೆಲಿಗ್ರಾಂ ತಿಳಿಯದಿರಬಹುದು. ದುಡಿಯದೆ ಬರುವ ದುಡ್ಡಿನ ವಾಸನೆ ತಿಳಿಯುತ್ತದೆ.

ಹಣ ಕಳೆದುಕೊಂಡವರು ಕ್ಷಣವೂ ತಡಮಾಡದೆ 1930 ಸಂಖ್ಯೆಗೆ ಕರೆಮಾಡಬೇಕು. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲಿನಲ್ಲಿಯೂ ದೂರು ಕೊಡಬಹುದು. ಹಣ ಮುಂದಿನ ಖಾತೆಗೆ ದಾಟುವ ಮೊದಲು ಸುದ್ದಿ ಮುಟ್ಟಿದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಬೆದರಿಕೆ ಹಾಕುವವರಿಗೆ ಹಣ ಕೊಡಬಾರದು. ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡು ದೂರು ಕೊಡಬೇಕು.

ದೈನಂದಿನ ಪಥ್ಯವಾಗಿ ಕೆಲವು ನಿಯಮಗಳು ಸಾಕು. ವಾರಕ್ಕೊಮ್ಮೆ ಫೋನಿನ ಲೆಕ್ಕವನ್ನು ತೆರೆದು, ಬಯಸಿ ವೆಚ್ಚ ಮಾಡಿದ ಹೊತ್ತನ್ನೂ ಜಾರಿಹೋದ ಹೊತ್ತನ್ನೂ ಬೇರೆ ಬೇರೆಯಾಗಿ ಬರೆಯುವುದು. ತರಗತಿಯ ಗುಂಪು, ಮನೆಯವರ ಕರೆ ಇವಿಷ್ಟನ್ನು ಬಿಟ್ಟು ಉಳಿದ ಸೂಚನೆಗಳ ಸದ್ದನ್ನು ನಿಲ್ಲಿಸುವುದು. ರಾತ್ರಿ ಹತ್ತರ ಬಳಿಕ ಫೋನನ್ನು ಹಾಸಿಗೆಯಿಂದ ದೂರ, ನಡುಮನೆಯಲ್ಲಿ ಚಾರ್ಜಿಗೆ ಹಾಕುವುದು. ಎಬ್ಬಿಸಲು ಬೇರೆ ಅಲಾರಾಂ ಗಡಿಯಾರ ಇಟ್ಟುಕೊಳ್ಳುವುದು. ಈ ನಿಯಮ ತಂದೆತಾಯಿಗಳ ಫೋನಿಗೂ ಅನ್ವಯಿಸಬೇಕೆಂದು ಬೇರೆ ಹೇಳಬೇಕಾಗಿಲ್ಲ; ನಡುರಾತ್ರಿಯವರೆಗೆ ವಾಟ್ಸಾಪಿನಲ್ಲಿ ಮುಳುಗಿದ ತಂದೆಯ ಉಪದೇಶ ಮಗಳ ಕಿವಿಗೆ ತಾಗದು.

ಕುಟುಂಬದ ಗುಂಪಿನಲ್ಲಿ ಚಿಕ್ಕಪ್ಪನೊಬ್ಬರು ಅಜ್ಜನ ಕೈಬರೆಹದ ಹಳೆಯ ಅಂಚೆ ಕಾರ್ಡಿನ ಚಿತ್ರವನ್ನು ಹಾಕಿದಾಗ, ಅದನ್ನು ಓದಲಾರದ ವಿದ್ಯಾರ್ಥಿನಿ ತಂದೆಯಿಂದ ಓದಿಸಿಕೊಳ್ಳುತ್ತಾಳೆ. ಜಾರಿಹೋಗುವ 120 ನಿಮಿಷಗಳಿಂದ ದಿನಕ್ಕೆ ಹದಿನೈದನ್ನು ಉಳಿಸಿದರೆ ಕೆಲವೇ ತಿಂಗಳಲ್ಲಿ ಕನ್ನಡ ಅಕ್ಷರಗಳನ್ನು ಕಲಿತು ಆಕೆಯೇ ಅದನ್ನು ಓದಬಲ್ಲಳು. ಕಲಿಸುವ ಪಾಠಗಳು ಅದೇ ಯೂಟ್ಯೂಬಿನಲ್ಲಿವೆ; ತಪ್ಪಿದಲ್ಲಿ ತಿದ್ದಲು ಮನೆಯಲ್ಲಿ ತಂದೆತಾಯಿ ಇದ್ದಾರೆ. ಬೇಕಾದುದು ಹದಿನೈದು ನಿಮಿಷ ಮಾತ್ರ.